ನಗಿಸುತ್ತೇನೆಂದು ಬಂದ ಪ್ರೇಮಕಾದಂಬರಿ ನಗಿಸದೇ ಹೋದಾಗ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿ, ನಲವತ್ತಾರರ ಹೆಣ್ಣುಮಗಳು. ನಾವು ಕೆಲವು ಗೆಳತಿಯರು ಸೇರಿ ತಿಂಗಳಿಗೊಂದು ಪುಸ್ತಕ ಓದಿ ಚರ್ಚಿಸುತ್ತೇವೆ. ಈ ಬಾರಿ ಆಯ್ಕೆ ನನ್ನದಾಗಿತ್ತು. ಎಲ್ಲೆಡೆ ಹೊಗಳಿಕೆ ಕಂಡು, ಇಂಗ್ಲಿಷಿನ ಒಂದು ಹೊಸ ರೊಮ್ಯಾಂಟಿಕ್ ಕಾಮಿಡಿ ಕಾದಂಬರಿಯನ್ನು ಆರಿಸಿದೆ. ಗುಲಾಬಿ ಬಣ್ಣದ ಮುಖಪುಟ, "ಹೊಟ್ಟೆ ಹುಣ್ಣಾಗುವಷ್ಟು ನಗು" ಎಂಬ ಭರವಸೆ. ಒಂದೇ ಕಚೇರಿಯಲ್ಲಿ ಕೆಲಸ ಮಾಡುವ ಇಬ್ಬರು ಸದಾ ಜಗಳವಾಡುತ್ತಾ ಕೊನೆಗೆ ಪ್ರೀತಿಸುವ ಕಥೆ. ನಾಯಕಿ ಪುಟಪುಟಕ್ಕೂ ಎಡವಿ ಬೀಳುತ್ತಾಳೆ, ಕಾಫಿ ಚೆಲ್ಲುತ್ತಾಳೆ. ಅವಳಿಗಿಂತ ಮೇಲಿನ ಹುದ್ದೆಯಲ್ಲಿರುವ ನಾಯಕ ನಾಲ್ಕು ಜನರೆದುರು ಅವಳನ್ನು ಹೀಯಾಳಿಸುತ್ತಾನೆ, ಆಮೇಲೆ "ಮೊದಲ ದಿನದಿಂದಲೂ ನಿನ್ನನ್ನು ಪ್ರೀತಿಸುತ್ತಿದ್ದೆ" ಎನ್ನುತ್ತಾನೆ. ಮುಕ್ಕಾಲು ಭಾಗ ದಾಟಿದ ಮೇಲೆ, ಒಂದು ಫೋನ್ ಕರೆಯಲ್ಲಿ ಬಗೆಹರಿಯಬಹುದಾದ ತಪ್ಪು ತಿಳಿವಳಿಕೆಗೆ ಇಬ್ಬರೂ ದೂರವಾಗುತ್ತಾರೆ. ನಾನು ಅಲ್ಲಿಗೆ ನಿಲ್ಲಿಸಿದ್ದೇನೆ. ಒಮ್ಮೆಯೂ ನಗು ಬರಲಿಲ್ಲ. ಕಾಲೇಜಿನಲ್ಲಿ ಜೇನ್ ಆಸ್ಟೆನ್ ಓದಿ ಖುಷಿಪಟ್ಟವಳು ನಾನು, ಬೀಚಿ ಮತ್ತು ಟಿ. ಸುನಂದಮ್ಮ ಅವರನ್ನು ಇಂದಿಗೂ ಓದುತ್ತೇನೆ. ಸಾವಿರಾರು ಜನ ಮೆಚ್ಚಿದ್ದು ನನಗೆ ಹಿಡಿಸಲಿಲ್ಲವೆಂದರೆ ನನ್ನ ಅಭಿರುಚಿಯೇ ಒಣಗಿತೇ? ಪುಸ್ತಕವನ್ನು ಮುಗಿಸಬೇಕೇ? ಬಳಗದಲ್ಲಿ ಏನು ಹೇಳಲಿ? ಓದುವ ಹುಚ್ಚಿರುವ ಹದಿನೇಳರ ಅಕ್ಕನ ಮಗಳು ಈ ಪುಸ್ತಕ ಕೇಳುತ್ತಿದ್ದಾಳೆ, ಕೊಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲದರ ಕೆಳಗೆ ಇರುವ ಅಳುಕು ಒಂದೇ: ಎಲ್ಲರೂ ನಕ್ಕ ಕಡೆ ನನಗೇಕೆ ನಗು ಬರಲಿಲ್ಲ ಎಂಬುದು. ಜನಪ್ರಿಯ ಕಾದಂಬರಿಗಳ ಹಸ್ತಪ್ರತಿಗಳನ್ನು ಓದಿ ತಿದ್ದುವುದೇ ನನ್ನ ವೃತ್ತಿಯಾದ್ದರಿಂದ ಈ ಅಳುಕನ್ನು ಓದುಗರಿಂದ ನಾನು ಆಗಾಗ ಕೇಳುತ್ತೇನೆ, ಮತ್ತು ಪ್ರತಿ ಸಲವೂ ಮೊದಲು ಕೇಳುವ ಪ್ರಶ್ನೆಯೆಂದರೆ, ಪುಸ್ತಕದಲ್ಲಿ ನಿಮಗೆ ಒಪ್ಪಿಗೆಯಾಗದ ಜಾಗ ಯಾವುದು ಎಂಬುದು. ನೀವು ಆ ಜಾಗಗಳನ್ನು ಆಗಲೇ ಗುರುತಿಸಿದ್ದೀರಿ. ಎಡವಿ ಬೀಳುವ ನಾಯಕಿ, ಹೀಯಾಳಿಸುವ ನಾಯಕ, ಮುಕ್ಕಾಲು ಭಾಗದ ಅಗಲಿಕೆ, ಈ ಮೂರನ್ನು ಬೆರಳಿಟ್ಟು ತೋರಿಸಬಲ್ಲ ಓದುಗರ ಅಭಿರುಚಿ ಒಣಗಿರುವುದಿಲ್ಲ. ನೀವು ವಿವರಿಸಿದ ಮಟ್ಟಿಗೆ ದೋಷ ಬಹುಪಾಲು ಪುಸ್ತಕದ ಕಟ್ಟಡದಲ್ಲಿದೆ, ಸ್ವಲ್ಪ ಭಾಗ ಅದನ್ನು ಮಾರಿದ ರೀತಿಯಲ್ಲಿದೆ. ಓದಿದ ಸಂದರ್ಭದ ಪಾಲೂ ತುಸು ಇರಬಹುದು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕೆಲವು ತಪ್ಪು ನಂಬಿಕೆಗಳನ್ನು ಬದಿಗಿಡೋಣ. ಇಂಥ ಪುಸ್ತಕವನ್ನು ಟೀಕಿಸಿದರೆ "ಹಗುರವಾದ ಓದನ್ನು ಅಷ್ಟು ಬಿಗಿಯಾಗಿ ನೋಡಬಾರದು" ಎನ್ನುವವರಿದ್ದಾರೆ. ನನ್ನ ಅನುಭವ ಇದಕ್ಕೆ ತೀರ ವಿರುದ್ಧವಾಗಿದೆ. ಗಂಭೀರ ಕಾದಂಬರಿಯಲ್ಲಿ ಒಂದು ಅಧ್ಯಾಯ ಸೊರಗಿದರೆ ಭಾಷೆಯೋ ವಿಚಾರವೋ ಅದನ್ನು ದಾಟಿಸುತ್ತದೆ, ಹಾಸ್ಯದಲ್ಲಿ ಒಂದು ವಾಕ್ಯದ ಲಯ ತಪ್ಪಿದರೂ ಆ ಪುಟವೇ ಬಿದ್ದುಹೋಗುತ್ತದೆ. ಹಗುರವಾಗಿ ಬರೆಯುವುದು ಬಿಗಿಯಾದ ಕೆಲಸ, ಹಾಗಾಗಿ ಬಿಗಿಯಾಗಿ ನೋಡುವುದು ಅದಕ್ಕೆ ಸಲ್ಲಿಸುವ ಗೌರವವೇ ಹೌದು. ಇನ್ನೊಂದು ನಂಬಿಕೆಯ ಪ್ರಕಾರ, ಕೊನೆ ಮೊದಲೇ ಗೊತ್ತಿರುವುದರಿಂದ ಇಂಥ ಕಥೆಗಳು ಬೇಸರ ತರುತ್ತವೆ. ಇಬ್ಬರೂ ಒಂದಾಗುತ್ತಾರೆ ಎಂಬುದು ಈ ಪ್ರಕಾರದ ಕರಾರು, ಅದರಲ್ಲಿ ಮುಚ್ಚುಮರೆಯೇನೂ ಇಲ್ಲ. ರಾಮಾಯಣದ ಕೊನೆ ಗೊತ್ತಿದ್ದೂ ರಾತ್ರಿಯಿಡೀ ಕುಳಿತು ಪ್ರಸಂಗ ನೋಡುವ ನಾಡು ನಮ್ಮದು. ಏನಾಗುತ್ತದೆ ಎಂಬುದಕ್ಕಿಂತ ಹೇಗಾಗುತ್ತದೆ ಎಂಬುದರಲ್ಲಿ ರುಚಿ ಇದೆಯೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಹಾಸ್ಯ ಅವರವರ ಭಾವಕ್ಕೆ ಬಿಟ್ಟದ್ದು" ಎಂಬ ಮಾತು ಮಾತ್ರ ಅರ್ಧ ನಿಜ. ಯಾವ ಮಾತಿಗೆ ಯಾರು ನಗುತ್ತಾರೆಂದು ಹೇಳಲಾಗದು, ಆದರೆ ಒಂದು ಕಾದಂಬರಿಯಲ್ಲಿ ಹಾಸ್ಯಕ್ಕೆ ಏನಾದರೂ ಕೆಲಸವಿದೆಯೇ ಎಂಬುದನ್ನು ಪರೀಕ್ಷಿಸಿ ನೋಡಲು ಸಾಧ್ಯವಿದೆ.

ನಿಮ್ಮ ನಿರಾಶೆಯ ಮುಖ್ಯ ಕಾರಣ ಇಲ್ಲಿಯೇ ಇದೆಯೆಂದು ನನಗನ್ನಿಸುತ್ತದೆ. ಪ್ರೇಮ ಮತ್ತು ಹಾಸ್ಯ ಒಂದೇ ಕಥೆಯಲ್ಲಿದ್ದ ಮಾತ್ರಕ್ಕೆ ಅದು ಪ್ರೇಮಹಾಸ್ಯವಾಗುವುದಿಲ್ಲ. ನಗು ತರಿಸುವ ಘಟನೆಯೇ ಪ್ರೇಮವನ್ನು ಒಂದು ಹೆಜ್ಜೆ ಮುಂದಕ್ಕೆ ತಳ್ಳಬೇಕು. ಕಾಳಿದಾಸನ ಮಾಳವಿಕಾಗ್ನಿಮಿತ್ರ ನಾಟಕವನ್ನು ನೋಡಿ. ರಾಜ ಅಗ್ನಿಮಿತ್ರ ಪ್ರೀತಿಸುವ ಮಾಳವಿಕೆಯನ್ನು ರಾಣಿ ಧಾರಿಣಿ ನೆಲಮಾಳಿಗೆಯಲ್ಲಿ ಬಂಧಿಸಿದ್ದಾಳೆ, ರಾಣಿಯ ಸರ್ಪಮುದ್ರೆಯ ಉಂಗುರ ತೋರಿಸದೆ ಅವಳನ್ನು ಬಿಡುವಂತಿಲ್ಲ. ವಿದೂಷಕ ಗೌತಮನು ಹಾವು ಕಚ್ಚಿತೆಂದು ನಾಟಕವಾಡಿ, ವಿಷ ಇಳಿಸಲು ಹಾವಿನ ಗುರುತುಳ್ಳ ವಸ್ತು ಬೇಕೆಂಬ ನೆಪದಲ್ಲಿ ಆ ಉಂಗುರವನ್ನೇ ತರಿಸಿಕೊಂಡು ಅವಳನ್ನು ಬಿಡಿಸುತ್ತಾನೆ. ನಾವು ನಗುವುದು ಅವನ ಹೊರಳಾಟಕ್ಕೆ, ಬಿಡುಗಡೆಯಾಗುವುದು ನಾಯಕಿಗೆ. ಆ ತಮಾಷೆಯನ್ನು ತೆಗೆದರೆ ಕಥೆ ಅಲ್ಲೇ ನಿಲ್ಲುತ್ತದೆ.

ಹದಿನಾರನೆಯ ಶತಮಾನದ ಕೊನೆಯಲ್ಲಿ ಷೇಕ್ಸ್‌ಪಿಯರ್ ಬರೆದ ಮಚ್ ಅಡೊ ಅಬೌಟ್ ನಥಿಂಗ್ ನಾಟಕದಲ್ಲಿಯೂ ಇದೇ ಹದವಿದೆ. ಬಿಯಾಟ್ರಿಸ್ ಮತ್ತು ಬೆನೆಡಿಕ್ ಎದುರಾದಾಗಲೆಲ್ಲ ಮಾತಿನಲ್ಲಿ ಇರಿದುಕೊಳ್ಳುತ್ತಾರೆ. ಇಂದಿನ "ಜಗಳದಿಂದ ಪ್ರೀತಿ" ಕಾದಂಬರಿಗಳಿಗೆಲ್ಲ ಅವರೇ ಹಿರಿಯರು. ಗೆಳೆಯರು ಹೂಡುವ ಹೂಟದಿಂದ, ತಾವು ಕದ್ದು ಕೇಳುತ್ತಿದ್ದೇವೆಂದುಕೊಂಡ ಇಬ್ಬರಿಗೂ ಎರಡು ಸಂಗತಿ ಕಿವಿಗೆ ಬೀಳುತ್ತವೆ: ಎದುರಿನವರಿಗೆ ತಮ್ಮ ಮೇಲೆ ಪ್ರೀತಿಯಿದೆ ಎಂಬುದು ಒಂದು, ತಾವು ಜಂಬದವರೆಂದು ಜನ ಆಡಿಕೊಳ್ಳುತ್ತಾರೆ ಎಂಬುದು ಮತ್ತೊಂದು. ಆ ಹಾಸ್ಯದ ದೃಶ್ಯ ಮುಗಿಯುವ ಹೊತ್ತಿಗೆ ಇಬ್ಬರೂ ಬದಲಾಗಿರುತ್ತಾರೆ.

ಈಗ ನಿಮ್ಮ ಕಾದಂಬರಿಯಲ್ಲಿ ಚೆಲ್ಲಿದ ಕಾಫಿಯನ್ನು ಕಥೆಯಿಂದ ತೆಗೆದು ನೋಡಿ. ನಾಯಕ ನಾಯಕಿಯರ ಸಂಬಂಧದಲ್ಲಿ ಏನಾದರೂ ಕಡಿಮೆಯಾಗುತ್ತದೆಯೇ? ಆಗದಿದ್ದರೆ ಆ ಕಾಫಿ, ಆ ಎಡವಟ್ಟು, ಆ ಬೀಳುವಿಕೆಯೆಲ್ಲ ಅಲಂಕಾರಕ್ಕಷ್ಟೇ ಇವೆ. ಹಸ್ತಪ್ರತಿಗಳನ್ನು ಓದುವಾಗ ನಾನು ನಂಬುವ ಪರೀಕ್ಷೆ ಇದೊಂದೇ. ಎಡವಿ ಬೀಳುವ ನಾಯಕಿಯ ವಿಷಯದಲ್ಲಿ ಇನ್ನೂ ಒಂದು ಮಾತಿದೆ. 1995ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಅಂಕಣವಾಗಿ ಆರಂಭವಾಗಿ 1996ರಲ್ಲಿ ಕಾದಂಬರಿಯಾದ ಹೆಲೆನ್ ಫೀಲ್ಡಿಂಗ್ ಅವರ ಬ್ರಿಜೆಟ್ ಜೋನ್ಸ್ ದಿನಚರಿಯ ನಂತರ, ತನ್ನ ಎಡವಟ್ಟುಗಳನ್ನು ತಾನೇ ಹೇಳಿಕೊಳ್ಳುವ ನಾಯಕಿಯರು ಬಹಳ ಬಂದರು. ಬ್ರಿಜೆಟ್ ನಗಿಸುವುದು ಅವಳ ಸಂಕಲ್ಪಕ್ಕೂ ನಡತೆಗೂ ನಡುವೆ ಇರುವ ಅಂತರದಿಂದ, ಆ ಅಂತರ ಅವಳಿಗಿಂತ ಮೊದಲು ನಮಗೆ ಕಾಣುತ್ತದೆ. ಹಿಂದೆ ಬಂದ ಅನೇಕರು ಬೀಳುವುದನ್ನು ಉಳಿಸಿಕೊಂಡು ಆ ಅಂತರವನ್ನು ಕೈಬಿಟ್ಟರು. ತಾನು ತಮಾಷೆಯವಳೆಂದು ತಾನೇ ಸಾರುವ ನಿರೂಪಕಿ ಓದುಗರಿಗೆ ಕಂಡುಕೊಳ್ಳಲು ಏನನ್ನೂ ಉಳಿಸುವುದಿಲ್ಲ. ನೀವು ಮೆಚ್ಚುವ ಸುನಂದಮ್ಮನವರ ಮನೆವಾರ್ತೆಯ ಹಾಸ್ಯದಲ್ಲಿ ಹೇಳುವವರು ಗಂಭೀರವಾಗಿದ್ದಷ್ಟೂ ನಮಗೆ ನಗು ಹೆಚ್ಚು. ಆ ಸಂಯಮಕ್ಕೆ ಒಗ್ಗಿದ ನಿಮ್ಮ ಕಿವಿಗೆ ಈ ಸಾರುವಿಕೆ ಕರ್ಕಶವಾಗಿ ಕೇಳಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ನಾಯಕನ ಹೀಯಾಳಿಕೆಯ ಬಗ್ಗೆ ನೀವು ಒಂದೇ ವಾಕ್ಯ ಬರೆದಿದ್ದೀರಿ, ಆದರೆ ಪತ್ರದ ನೋವು ಅಲ್ಲಿಯೇ ಇದೆಯೆಂದು ನನಗೆ ಕಂಡಿತು. ಮಾತಿನ ಚಕಮಕಿ ಸರಸವಾಗಬೇಕಾದರೆ ಇಬ್ಬರ ಕೈಯಲ್ಲೂ ಸಮನಾದ ಆಯುಧವಿರಬೇಕು. ಒಬ್ಬನ ಕೈಯಲ್ಲಿ ಇನ್ನೊಬ್ಬಳ ಬಡ್ತಿ, ವರ್ಗಾವಣೆ, ವಾರ್ಷಿಕ ವರದಿ ಇರುವಾಗ ಅವನು ಸಭೆಯಲ್ಲಿ ಆಡುವ ಕೊಂಕು ಮಾತು ಅಧಿಕಾರದ ಪ್ರದರ್ಶನವಾಗುತ್ತದೆ. ಬ್ಯಾಂಕಿನಲ್ಲಿ ದುಡಿಯುವ ನಿಮಗೆ ಇದು ಓದಿದ ಕೂಡಲೇ ಗೊತ್ತಾಗಿರಬೇಕು. "ಮೊದಲಿನಿಂದಲೂ ಪ್ರೀತಿಸುತ್ತಿದ್ದೆ" ಎಂಬ ತಪ್ಪೊಪ್ಪಿಗೆ ಹಿಂದಿನ ನಡತೆಗೆ ಕಾರಣ ಕೊಡಬಹುದು, ಪರಿಹಾರ ಕೊಡುವುದಿಲ್ಲ. 1813ರಲ್ಲಿ ಪ್ರಕಟವಾದ ಆಸ್ಟೆನ್‌ಳ ಪ್ರೈಡ್ ಅಂಡ್ ಪ್ರೆಜುಡಿಸ್‌ನಲ್ಲಿಯೂ ನಾಯಕ ಡಾರ್ಸಿ ಮೊದಲ ನೃತ್ಯಕೂಟದಲ್ಲೇ ನಾಯಕಿ ಎಲಿಜಬೆತ್‌ಳ ರೂಪವನ್ನು, ಅವಳಿಗೆ ಕೇಳಿಸುವಂತೆ, ಹಗುರವಾಗಿ ಅಳೆಯುತ್ತಾನೆ. ಆದರೆ ಅವನು ಅವಳ ಮೇಲಧಿಕಾರಿಯಲ್ಲ, ಅವಳೂ ಆ ಪ್ರಸಂಗವನ್ನು ಗೆಳತಿಯರ ನಡುವೆ ರಸವತ್ತಾಗಿ ಹೇಳಿ ನಗುತ್ತಾಳೆ, ಅಂದರೆ ನಗುವ ಹಕ್ಕು ಅವಳ ಕೈಗೆ ಬರುತ್ತದೆ. ಅರವತ್ತೊಂದು ಅಧ್ಯಾಯಗಳ ಆ ಕಾದಂಬರಿಯ ಮೂವತ್ತನಾಲ್ಕನೆಯದರಲ್ಲಿ ಅವನು ಮದುವೆಯ ಪ್ರಸ್ತಾಪ ಇಟ್ಟಾಗ ಅವಳು ಖಂಡತುಂಡವಾಗಿ ನಿರಾಕರಿಸುತ್ತಾಳೆ, ಮತ್ತು ಅವನ ನಡವಳಿಕೆ ಸಭ್ಯನಿಗೆ ತಕ್ಕುದಲ್ಲವೆಂದು ಮುಖಕ್ಕೆ ಹೇಳುತ್ತಾಳೆ. ಆ ಮಾತು ತನ್ನನ್ನು ಎಷ್ಟು ಕಾಡಿತೆಂದು ಅವನು ಕಥೆಯ ಕೊನೆಯಲ್ಲಿ ಒಪ್ಪಿಕೊಳ್ಳುತ್ತಾನೆ. ನಡುವೆ ಅವನು ಅವಳ ತಂಗಿಯ ಮಾನ ಉಳಿಸಲು ಹಣ ಸುರಿದು, ಅದು ಅವಳಿಗೆ ತಿಳಿಯದಿರಲೆಂದು ಬಯಸುತ್ತಾನೆ. ಅವಮಾನದ ಬೆಲೆಯನ್ನು ಕಥೆ ಅವನಿಂದ ಪೂರ್ತಿಯಾಗಿ ವಸೂಲು ಮಾಡುತ್ತದೆ. ಇಂದಿನ ಎಷ್ಟೋ ಕಾದಂಬರಿಗಳು ಡಾರ್ಸಿಯ ಸಿಡುಕನ್ನು ಮಾತ್ರ ಎರವಲು ತಂದಿವೆ, ಅವನು ತೆತ್ತ ಬೆಲೆಯನ್ನು ತಂದಿಲ್ಲ. ಇದು ನನ್ನನ್ನು ನಿಜವಾಗಿ ನೋಯಿಸುವ ವಿಷಯ, ಏಕೆಂದರೆ ಇವನ್ನು ಓದುವವರಲ್ಲಿ ಬಹಳ ಮಂದಿ ಮೊದಲ ಪ್ರೀತಿಯನ್ನೂ ಮೊದಲ ಕೆಲಸವನ್ನೂ ಇನ್ನೂ ಕಾಣಬೇಕಾದವರು.

ಮುಕ್ಕಾಲು ಭಾಗದ ಅಗಲಿಕೆಗೆ ಬರೋಣ. ಪ್ರೇಮಕಾದಂಬರಿಯ ರಚನೆಯ ಬಗ್ಗೆ 2003ರಲ್ಲಿ ಪುಸ್ತಕ ಬರೆದ ಅಮೆರಿಕದ ವಿದ್ವಾಂಸೆ ಪಮೇಲಾ ರೀಜಿಸ್ ಇಂಥ ಕಥೆಗೆ ಅಗತ್ಯವಾದ ಎಂಟು ಅಂಶಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಒಂದು, ಇಬ್ಬರೂ ಒಂದಾಗುವುದು ಇನ್ನು ಸಾಧ್ಯವೇ ಇಲ್ಲವೆನ್ನಿಸುವ ಗಳಿಗೆ. ಅದನ್ನು ಅವರು ಸಾಂಕೇತಿಕ ಮರಣವೆಂದು ಕರೆಯುತ್ತಾರೆ. ಹೀಗಾಗಿ ಅಗಲಿಕೆ ಇರುವುದೇ ದೋಷವಲ್ಲ. ಅದು ಎಲ್ಲಿಂದ ಹುಟ್ಟಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆಸ್ಟೆನ್‌ಳ ಕಾದಂಬರಿಯಲ್ಲಿ ಆ ಗಳಿಗೆ ಬರುವುದು, ತಂಗಿ ಲಿಡಿಯಾ, ವಿಕಮ್ ಎಂಬ ಸೈನ್ಯಾಧಿಕಾರಿಯ ಜೊತೆ ಓಡಿಹೋದ ಸುದ್ದಿ ಎಲಿಜಬೆತ್‌ಗೆ ತಲುಪಿದಾಗ. ವಿಕಮ್ ಎಂಥವನೆಂದು ಡಾರ್ಸಿಗೆ ಮೊದಲೇ ತಿಳಿದಿತ್ತು, ಅಭಿಮಾನದಿಂದಾಗಿ ಹೊರಗೆ ಹೇಳಿರಲಿಲ್ಲ. ಅವನು ಬರೆದ ಪತ್ರದಿಂದ ಎಲಿಜಬೆತ್‌ಗೂ ತಿಳಿದಿತ್ತು, ಅವಳೂ ಊರಿಗೆ ಹೇಳಿರಲಿಲ್ಲ. ಅನಾಹುತ ಇಬ್ಬರ ಮೌನದಿಂದಲೇ ಬೆಳೆದದ್ದು, ಆದ್ದರಿಂದ ಒಂದು ಮಾತುಕತೆಯಿಂದ ಬಗೆಹರಿಯುವಂಥದ್ದಲ್ಲ. ನಿಮ್ಮ ಕಾದಂಬರಿಯಲ್ಲಿ ಆ ಹೊತ್ತಿಗೆ ಒಂದು ಅಡ್ಡಿ ಬೇಕಿತ್ತು, ಪಾತ್ರಗಳಲ್ಲಿ ಅದು ಇರಲಿಲ್ಲ, ಹಾಗಾಗಿ ಲೇಖಕರು ಹೊರಗಿನಿಂದ ತಂದು ಇಟ್ಟರು. ಫೋನ್ ಮಾಡಿದರೆ ಮುಗಿಯುತ್ತಿತ್ತಲ್ಲ ಎಂದು ಓದುಗರಿಗೆ ಅನ್ನಿಸಿದ ಕ್ಷಣದಲ್ಲಿಯೇ ಪಾತ್ರಗಳ ಬುದ್ಧಿಯ ಮೇಲಿನ ಗೌರವ ಹೋಗುತ್ತದೆ, ಗೌರವ ಹೋದವರ ಪ್ರೀತಿಗೆ ಮನಸ್ಸು ಮಿಡಿಯುವುದಿಲ್ಲ. ಒಂದು ಅಧ್ಯಾಯ ಅವಳ ಬಾಯಲ್ಲಿ, ಮುಂದಿನದು ಅವನ ಬಾಯಲ್ಲಿ ಎಂಬ ಈಚಿನ ಪದ್ಧತಿಯಲ್ಲಿ ಬರೆದ ಪುಸ್ತಕವಾಗಿದ್ದರಂತೂ ಕಷ್ಟ ಇಮ್ಮಡಿ: ಇಬ್ಬರ ಮನಸ್ಸೂ ಓದುಗರಿಗೆ ತೆರೆದೇ ಇರುವಾಗ ಸಣ್ಣ ತಪ್ಪು ತಿಳಿವಳಿಕೆ ಕುತೂಹಲ ಹುಟ್ಟಿಸುವುದಿಲ್ಲ, ತಾಳ್ಮೆ ಕೆಡಿಸುತ್ತದೆ.

ಇಷ್ಟಾದರೂ ಸಾವಿರಾರು ಜನ ಮೆಚ್ಚಿದ್ದೇಕೆ? ಅವರ ಮೆಚ್ಚುಗೆ ಸುಳ್ಳೆಂದು ನಾನು ಹೇಳುವುದಿಲ್ಲ. 1980ರಲ್ಲಿ ಹುಟ್ಟಿದ ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಈ ಪ್ರಕಾರಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಎರಡೇ ಷರತ್ತುಗಳಿವೆ: ಕಥೆಯ ಕೇಂದ್ರದಲ್ಲಿ ಪ್ರೇಮವಿರಬೇಕು, ಕೊನೆ ಮನಸ್ಸಿಗೆ ತೃಪ್ತಿಯನ್ನೂ ಭರವಸೆಯನ್ನೂ ಕೊಡಬೇಕು. ನಗಿಸಬೇಕೆಂಬ ಷರತ್ತು ಅದರಲ್ಲಿಲ್ಲ. ಈ ಪ್ರಕಾರವನ್ನು ಸತತವಾಗಿ ಓದುವವರು ಆ ಎರಡಕ್ಕಾಗಿ ಬರುತ್ತಾರೆ, ಸಿಕ್ಕಿದರೆ ತೃಪ್ತರಾಗಿ ಹೊರಡುತ್ತಾರೆ. ನೀವು ಬಂದದ್ದು ನಗುವಿಗಾಗಿ. ಒಂದೇ ಬಾಗಿಲಿನಿಂದ ಎರಡು ಬಗೆಯ ಓದುಗರನ್ನು ಒಳಗೆ ಕರೆದದ್ದು ಮುಖಪುಟ. ಕಳೆದ ದಶಕದ ಕೊನೆಯ ವರ್ಷಗಳಿಂದ, ಗಾಢ ಬಣ್ಣದ ಹಿನ್ನೆಲೆಯಲ್ಲಿ ಇಬ್ಬರ ಸರಳ ಚಿತ್ರ ಬಿಡಿಸುವ ಮಾದರಿ ಇಂಗ್ಲಿಷ್ ಪ್ರೇಮಕಾದಂಬರಿಗಳಲ್ಲಿ ಎಲ್ಲೆಡೆ ಹರಡಿತು. ಸಾವು, ವಿಚ್ಛೇದನ, ಖಿನ್ನತೆಯ ಕಥೆಗಳಿಗೂ ಅದೇ ನಗುಮುಖದ ಹೊದಿಕೆ ಬಂತು. ಹಿಂಬದಿಯ ಹೊಗಳಿಕೆಯ ಸಾಲುಗಳನ್ನು ಸಾಮಾನ್ಯವಾಗಿ ಪ್ರಕಾಶಕರು ಬೇರೆ ಲೇಖಕರಿಂದ ಕೇಳಿ ಪಡೆದಿರುತ್ತಾರೆ. ಬಿಡುಗಡೆಗೆ ಮುಂಚೆ ಆಯ್ದ ಓದುಗರಿಗೆ ಉಚಿತ ಪ್ರತಿ ಕಳಿಸುವ ಪದ್ಧತಿಯೂ ಇರುವುದರಿಂದ, ಮೊದಲು ಕಿವಿಗೆ ಬೀಳುವುದು ಆ ಪ್ರಕಾರವನ್ನು ಆಗಲೇ ಪ್ರೀತಿಸುವವರ ದನಿ. ಇದರಲ್ಲಿ ಮೋಸವೆನ್ನುವಂಥದ್ದೇನೂ ಇಲ್ಲ, ಆದರೆ ಓದುಗರು ಅಂತರ್ಜಾಲದಲ್ಲಿ ಕೊಡುವ ನಕ್ಷತ್ರಗಳ ಸರಾಸರಿ ನಿಮ್ಮಂಥ ಓದುಗರ ಅನುಭವವನ್ನು ಮೊದಲೇ ತಿಳಿಸಲಾರದು.

ಸಂದರ್ಭದ ಮಾತು ಹೇಳುತ್ತೇನೆಂದಿದ್ದೆ. ಹಾಸ್ಯ ಲಯವನ್ನು ನಂಬಿದೆ. ದಿನದ ಕೆಲಸ ಮುಗಿಸಿ, ಮೊಬೈಲಿನಲ್ಲಿ, ನಾಲ್ಕು ಪುಟಕ್ಕೊಮ್ಮೆ ನಿಲ್ಲಿಸಿ ಓದಿದ್ದರೆ ಒಳ್ಳೆಯ ಹಾಸ್ಯವೂ ಅರ್ಧ ಸತ್ತಿರುತ್ತದೆ. ಬಳಗಕ್ಕೆ ನೀವೇ ಆರಿಸಿದ ಪುಸ್ತಕವೆಂಬ ಹೊಣೆಯೂ ಜೊತೆಗಿದ್ದಿರಬೇಕು. ಬೇರೆಯವರಿಗೆ ಹಿಡಿಸುತ್ತದೆಯೋ ಇಲ್ಲವೋ ಎಂದು ನೋಡುತ್ತಾ ಓದುವವರಿಗೆ ನಗು ಸುಲಭವಾಗಿ ಬರುವುದಿಲ್ಲ. ಇನ್ನೊಂದು ಅಂಶ ನಮ್ಮ ಓದಿನ ಹಿನ್ನೆಲೆಗೆ ಸಂಬಂಧಿಸಿದ್ದು. ಕನ್ನಡದಲ್ಲಿ ಹಾಸ್ಯಕ್ಕೆ 1942ರಲ್ಲಿ ರಾಶಿಯವರು (ಡಾ. ಎಂ. ಶಿವರಾಂ) ಆರಂಭಿಸಿದ ಕೊರವಂಜಿ ಹಾಸ್ಯಪತ್ರಿಕೆಯಂಥ ತನ್ನದೇ ಮನೆಯಿತ್ತು, ಪ್ರೇಮಕ್ಕೆ ವಾರಪತ್ರಿಕೆಗಳ ಧಾರಾವಾಹಿಗಳಿದ್ದವು, ಅಲ್ಲಿ ಕಣ್ಣೀರಿಗೆ ಸಿಕ್ಕಷ್ಟು ಜಾಗ ನಗುವಿಗೆ ಸಿಗಲಿಲ್ಲ. ಎರಡನ್ನೂ ಒಂದೇ ಪುಸ್ತಕದಲ್ಲಿ ಬಯಸಿದ ನಮ್ಮ ಓದುಗರು ಹೆಚ್ಚಾಗಿ ಇಂಗ್ಲಿಷಿಗೆ ಹೋದರು, ಅದೂ ಆಸ್ಟೆನ್, ವುಡ್‌ಹೌಸ್ ಅಂಥವರ ಬಳಿಗೆ. ಕಾಲದ ಜರಡಿಯಲ್ಲಿ ಉಳಿದವರನ್ನು ಓದಿ ರೂಪುಗೊಂಡ ನಿರೀಕ್ಷೆಯನ್ನು ಈ ವರ್ಷದ ಪುಸ್ತಕದ ಮೇಲೆ ಇಟ್ಟಾಗ ಅಂತರ ದೊಡ್ಡದಾಗಿ ಕಾಣುವುದು ಸಹಜ. ಆದರೂ ನೀವು ಹೇಳಿದ ಮೂರು ದೋಷಗಳು ಈ ಕಾರಣದಿಂದ ಕರಗುವುದಿಲ್ಲ.

ಮುಗಿಸಬೇಕೇ ಎಂಬ ಪ್ರಶ್ನೆಗೆ, ಬಳಗವಿಲ್ಲದಿದ್ದರೆ ಬಿಟ್ಟುಬಿಡಿ ಎನ್ನುತ್ತಿದ್ದೆ. ಬಿಡುವುದರಲ್ಲಿರುವ ಅಪಾಯವೆಂದರೆ, ಕೊನೆಯ ಭಾಗದಲ್ಲಿ ನಾಯಕನಿಗೆ ಕಥೆ ಏನಾದರೂ ಬೆಲೆ ತೆರಿಸಿದೆಯೇ ಎಂಬುದು ನಿಮಗೆ ತಿಳಿಯದೇ ಹೋಗುತ್ತದೆ, ತಿಳಿಯದೆ ಆಡಿದ ತೀರ್ಪನ್ನು ಪೂರ್ತಿ ಓದಿದ ಗೆಳತಿಯೊಬ್ಬರು ಒಂದೇ ಮಾತಿನಲ್ಲಿ ಬದಿಗಿಡಬಹುದು. ಉಳಿದಿರುವುದು ಕಾಲು ಭಾಗ. ಒಂದು ರಜಾದಿನ ಒಂದೇ ಕೂರಿಕೆಯಲ್ಲಿ, ಅವನು ಬದಲಾಗುತ್ತಾನೆಯೇ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಓದಿ. ಅಲ್ಲಿಯೂ ಬೇಸರವಾದರೆ ಅಗಲಿಕೆಯ ನಂತರದ ಕ್ಷಮೆ ಕೇಳುವ ದೃಶ್ಯವೊಂದನ್ನು ಓದಿದರೆ ಸಾಕು, ಈ ಪ್ರಕಾರದ ಪುಸ್ತಕ ತನ್ನ ನಾಯಕನನ್ನು ಎಷ್ಟು ಗಂಭೀರವಾಗಿ ನೋಡಿದೆಯೆಂಬುದು ಅಲ್ಲಿ ಗೊತ್ತಾಗುತ್ತದೆ. ಧ್ವನಿಪುಸ್ತಕವಾಗಿ ಕೇಳುವ ದಾರಿಯೂ ಇದೆ. ಒಳ್ಳೆಯ ವಾಚಕರು ಸತ್ತ ಸಂಭಾಷಣೆಗೂ ಜೀವ ತುಂಬಬಲ್ಲರು, ಆದರೆ ಆಗ ನೀವು ಮೆಚ್ಚುವುದು ಪುಸ್ತಕವನ್ನೋ ವಾಚನವನ್ನೋ ಎಂಬ ಗೊಂದಲ ಉಳಿಯುತ್ತದೆ.

ಬಳಗದಲ್ಲಿ ಕ್ಷಮೆ ಕೇಳುವ ಅಗತ್ಯ ಖಂಡಿತ ಇಲ್ಲ. ಎಲ್ಲರಿಗೂ ಹಿಡಿಸಿದ ಪುಸ್ತಕದ ಚರ್ಚೆ ಬೇಗ ಮುಗಿದುಹೋಗುತ್ತದೆ, ಆರಿಸಿದವರಿಗೇ ಹಿಡಿಸದ ಪುಸ್ತಕ ಮಾತು ಬೆಳೆಸುತ್ತದೆ. "ಚೆನ್ನಾಗಿಲ್ಲ" ಎಂದು ಆರಂಭಿಸಿದರೆ ಮೆಚ್ಚಿದವರು ತಮ್ಮನ್ನೇ ಸಮರ್ಥಿಸಿಕೊಳ್ಳಲು ತೊಡಗುತ್ತಾರೆ, ಗೆಳೆತನದಲ್ಲಿ ಸಣ್ಣ ಗೀರು ಬೀಳುವುದೂ ಉಂಟು. ಅದರ ಬದಲು ಸಭೆಯ ಹೀಯಾಳಿಕೆಯ ದೃಶ್ಯವನ್ನು ಗಟ್ಟಿಯಾಗಿ ಓದಿಸಿ, ಅಲ್ಲಿ ಯಾರಿಗೆ ನಗು ಬಂತು, ಯಾರಿಗೆ ಬರಲಿಲ್ಲ, ಏಕೆ ಎಂದು ಕೇಳಿ. ಕೆಲಸಕ್ಕೆ ಹೋಗುವವರ ಉತ್ತರಕ್ಕೂ ಹೋಗದವರ ಉತ್ತರಕ್ಕೂ ವ್ಯತ್ಯಾಸ ಕಾಣಬಹುದು. ಸಾರ್ವಜನಿಕವಾಗಿ ವಿಮರ್ಶೆ ಬರೆಯುವ ಮನಸ್ಸಿದ್ದರೆ ನೀವು ನನಗೆ ಬರೆದಷ್ಟೇ ನಿರ್ದಿಷ್ಟವಾಗಿ ಬರೆಯಿರಿ. ಲೇಖಕರನ್ನೂ ಮೆಚ್ಚಿದ ಓದುಗರನ್ನೂ ಹಂಗಿಸುವ ವಿಮರ್ಶೆ ಜಗಳಕ್ಕೆ ದಾರಿ ಮಾಡುತ್ತದೆ, ದೃಶ್ಯ ಹೆಸರಿಸಿ ಕಾರಣ ಹೇಳುವ ವಿಮರ್ಶೆಯಿಂದ ನಿಮ್ಮಂತೆ ನಗುವಿಗಾಗಿ ಬರುವ ಇನ್ನೊಬ್ಬರ ದುಡ್ಡೂ ಸಮಯವೂ ಉಳಿಯುತ್ತದೆ.

ಮುಂದಿನ ಬಾರಿ ಆರಿಸುವಾಗ ಮುಖಪುಟ, ನಕ್ಷತ್ರಗಳನ್ನು ಬಿಟ್ಟು, ಮಾದರಿಯಾಗಿ ಸಿಗುವ ಮೊದಲ ಅಧ್ಯಾಯವನ್ನು ಓದಿ. ನಾಯಕ ನಾಯಕಿಯರ ಮೊದಲ ಭೇಟಿಯಲ್ಲಿ ಇಬ್ಬರೂ ಮಾತಿನಲ್ಲಿ ಸಮಬಲರೇ, ಅಡ್ಡಿ ಅವರ ಸ್ವಭಾವದಲ್ಲೇ ಇದೆಯೇ, ಅಮ್ಮ, ಗೆಳತಿ, ನೆರೆಯವರಂಥ ಸಣ್ಣ ಪಾತ್ರಗಳಿಗೆ ಅವರದೇ ದನಿಯಿದೆಯೇ ಎಂದು ನೋಡಿ. ಸಣ್ಣ ಪಾತ್ರಗಳನ್ನು ಪ್ರೀತಿಯಿಂದ ಬರೆಯದ ಲೇಖಕರು ದೊಡ್ಡ ಪಾತ್ರಗಳ ಪ್ರೀತಿಯನ್ನು ಚೆನ್ನಾಗಿ ಬರೆದದ್ದನ್ನು ನಾನು ವಿರಳವಾಗಿ ಕಂಡಿದ್ದೇನೆ.

ಇನ್ನು ಅಕ್ಕನ ಮಗಳ ವಿಷಯ. ಇಂದಿನ ಪ್ರೇಮಕಾದಂಬರಿಗಳ ಮುಖಪುಟ ಮಕ್ಕಳ ಪುಸ್ತಕದಂತೆ ಕಂಡರೂ ಒಳಗೆ ಮಲಗುವ ಕೋಣೆಯ ದೃಶ್ಯಗಳು ವಿವರವಾಗಿ ಇರುವುದುಂಟು, ಈ ಪುಸ್ತಕದಲ್ಲಿ ಅವು ಯಾವ ಮಟ್ಟದಲ್ಲಿವೆ ಎಂಬುದು ಓದಿದ ನಿಮಗೇ ಗೊತ್ತು. ಅವಳ ತಾಯಿಯೊಂದಿಗೆ ಆ ಬಗ್ಗೆ ಮೊದಲು ಮಾತನಾಡಿ. ಆ ಆತಂಕವಿಲ್ಲವೆಂದರೆ ಕೊಡಿ. ಬಚ್ಚಿಟ್ಟರೆ ಅವಳು ಬೇರೆ ಕಡೆ ತಂದು ಒಬ್ಬಳೇ ಓದುತ್ತಾಳೆ, ಆಗ ನಾಯಕನ ಹೀಯಾಳಿಕೆಯ ಬಗ್ಗೆ ಅವಳೊಂದಿಗೆ ಮಾತನಾಡುವವರು ಯಾರೂ ಇರುವುದಿಲ್ಲ. ಕೊಡುವಾಗ ಎಚ್ಚರಿಕೆ, ಉಪದೇಶ ಬೇಡ, ನಿಮ್ಮ ಅಭಿಪ್ರಾಯವೂ ಬೇಡ. ಅವಳು ಓದಿ ಮುಗಿಸಿದ ಮೇಲೆ ನಾಯಕನ ಬಗ್ಗೆ ಏನನ್ನಿಸಿತೆಂದು ಕೇಳಿ, ಅವಳು ಹೇಳುವುದನ್ನು ಪೂರ್ತಿಯಾಗಿ ಕೇಳಿಸಿಕೊಂಡ ನಂತರ ನಿಮ್ಮ ಮಾತು ಹೇಳಿ. ಪ್ರೈಡ್ ಅಂಡ್ ಪ್ರೆಜುಡಿಸ್ ಇನ್ನೂ ಓದಿಲ್ಲವಾದರೆ ಅದನ್ನೂ ಜೊತೆಗೇ ಕೊಡಿ, ಯಾವುದನ್ನು ಮೊದಲು ಓದಬೇಕೆಂಬುದನ್ನು ಅವಳಿಗೇ ಬಿಡಿ.